ಬೇವಿನ ಕೊಂಬೆಗೆ ತೂಗುಹಾಕಿದ ಚೀಲ

ನನ್ನ ಮೊಮ್ಮಗಳು ಗಿರಿಜೆಗೆ ಸರ್ಕಾರಿ ಕೆಲಸ ಸಿಕ್ಕಿದೆ! ಇವತ್ತು ಬೆಳಿಗ್ಗೆ ಪೋಸ್ಟಿನವನು ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿ ಹೇಳಿದ. ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕೆಲಸ, ಜಗಳೂರು ತಾಲ್ಲೂಕು, ಸೋಮವಾರವೇ ಹೋಗಿ ಸೇರಿಕೊಳ್ಳಬೇಕು. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದುವುದಕ್ಕೆ ಹೊತ್ತು ಹಿಡಿಯುತ್ತದೆ. ಆದರೂ ಆ ಕಾಗದವನ್ನು ಆರು ಸಲ ಓದಿದೆ. ಅವಳ ಹೆಸರಿರುವ ಸಾಲನ್ನು ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಸಂತೇಬೆನ್ನೂರಿನ ನಮ್ಮ ಬೀದಿಯಲ್ಲಿ ಒಂದು ಮನೆಯನ್ನೂ ಬಿಡದೆ ಸಕ್ಕರೆ ಹಂಚಿ ಬಂದೆ. ಎದುರು ಮನೆಯ ಪಾರ್ವತವ್ವ ಬಾಗಿಲಲ್ಲೇ ನಿಲ್ಲಿಸಿ, "ಏನ್ ತಿಪ್ಪಣ್ಣ, ಕೆಲ್ಸ ಸಿಕ್ಕಿದ್ದು ಮೊಮ್ಮಗಳಿಗೋ ನಿನಗೋ? ಹಿಂಗೆ ಕುಣೀತಿದೀಯಲ್ಲ!" ಅಂದಳು.

"ಇಬ್ರಿಗೂ ಕಣವ್ವ" ಅಂದೆ.

ಸುಳ್ಳು ಹೇಳಲಿಲ್ಲ. ಗಿರಿಜೆ ಈಗ ಮಾಡಲು ಹೊರಟಿರುವ ಕೆಲಸದ ಬಾಲ ಹಿಡಿದುಕೊಂಡೇ ನಾನು ಹೊಟ್ಟೆ ಹೊರೆದವನು. ದಾಕು ಹಾಕುವವರ ಜವಾನನಾಗಿದ್ದೆ. ದಾಕು ಎಂದರೆ ಸಿಡುಬು ಬರದ ಹಾಗೆ ತೋಳಿಗೆ ಗೀರಿ ಹಾಕುತ್ತಿದ್ದ ಮದ್ದು. ಮೂವತ್ತರ ದಶಕದಲ್ಲಿ ಹೊನ್ನಾಳಿಯಲ್ಲಿ ಸೇರಿದೆ. ನ್ಯಾಮತಿ ಕಡೆ ತಿರುಗಿದೆ, ಜಗಳೂರಿಗೆ ಹಾಕಿದರು, ಕೊನೆಗೆ ಚನ್ನಗಿರಿಗೆ ಬಂದೆ. "ಅಜ್ಜ, ಕೆಲ್ಸ ಹೆಂಗಿರ್ತೈತೆ ಅಂತ ಹೇಳು, ಬರ್ಕಂತೀನಿ. ನನ್ನ ಜೊತೆ ಸೇರೋರೂ ಓದ್ಲಿ" ಎಂದು ಗಿರಿಜೆ ನೋಟ್‌ಬುಕ್ಕು ಹಿಡಿದು ಕೂತಿದ್ದಾಳೆ. ನಾನು ಹೇಳುತ್ತಿದ್ದೇನೆ, ಅವಳು ನನ್ನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯುತ್ತಿದ್ದಾಳೆ. ಒಳಗೆ ಅವಳ ತಾಯಿ ಹೋಳಿಗೆಗೆ ಬೇಳೆ ಬೇಯಲಿಟ್ಟಿದ್ದಾಳೆ. ಇಡೀ ಮನೆ ಘಮ್ ಅನ್ನುತ್ತಿದೆ.

ಮೊದಲು ಡವಾಲಿಯ ವಿಷಯ ಹೇಳಬೇಕು. ಜವಾನರು ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಹಾಕಿಕೊಳ್ಳುವ ಪಟ್ಟಿ ಅದು. ನಡುವೆ ಹಿತ್ತಾಳೆ ಬಿಲ್ಲೆ. ನಮ್ಮದು ಕುರಿ ಕಾಯುವವರ ಮನೆ. ಊರ ದೊಡ್ಡವರ ಮನೆಗೆ ಹೋದರೆ ನಾನು ನಿಲ್ಲುವ ಜಾಗ ಜಗಲಿಯ ಕೆಳಗೆ. ಡವಾಲಿ ಹಾಕಿಕೊಂಡು ಹೋದ ಮೊದಲ ದಿನ ಅದೇ ಮನೆಯ ಯಜಮಾನರು, "ಬಾರಪ್ಪ ತಿಪ್ಪಣ್ಣ, ಜಗಲಿ ಮ್ಯಾಲೆ ಕುಂದ್ರು" ಅಂದರು. ಮೂಲೆಯಲ್ಲೇ ಕೂತೆ ಅನ್ನಿ, ಆದರೂ ಜಗಲಿ ಜಗಲಿಯೇ. ಎರಡು ಮಾರು ಎತ್ತರದ ಮೇಲೆ ಕೂತ ಹಾಗಾಯಿತು. ಆರು ತಿಂಗಳಲ್ಲಿ ನನ್ನ ಹೆಸರೇ ಹೋಯಿತು. ಎಲ್ಲರ ಬಾಯಲ್ಲೂ "ಡವಾಲಿ ಬಂದ", "ಡವಾಲಿ ಹೋದ". ನಮ್ಮವ್ವ ಕೂಡ ನೆರೆಯವರ ಮುಂದೆ "ನಮ್ಮ ಡವಾಲಿ" ಅನ್ನುತ್ತಿದ್ದಳು.

ನಾನೂ ಬದಲಾದೆ. ಕುರಿ ಹಟ್ಟಿಯಲ್ಲಿ ಅಣ್ಣತಮ್ಮಂದಿರ ಜೊತೆ ಒಂದೇ ತಾಟಿನಲ್ಲಿ ಮುದ್ದೆ ಮುರಿಯುತ್ತಿದ್ದವನು ಮನೆಯಲ್ಲಿ ಬೇರೆ ಮಣೆ ಹಾಕಿಸಿಕೊಂಡು ಮೊದಲು ಒಬ್ಬನೇ ಉಣ್ಣತೊಡಗಿದೆ. ಆಮೇಲೆ ಗಂಡುಮಕ್ಕಳು, ಆಮೇಲೆ ಹೆಂಗಸರು. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಆ ಮಣೆ ನನ್ನ ಮನೆಯಲ್ಲಿ ಇವತ್ತಿಗೂ ಇದೆ.

ನಾನಿದ್ದದ್ದು ಒಬ್ಬ ರಾಯರ ಕೈಕೆಳಗೆ. ದಾಕು ಹಾಕುವವರು ಅವರು. ತೆಳ್ಳಗಿನ ಮನುಷ್ಯ, ಬಿಸಿಲಿಗೆ ತಲೆಗೆ ಒದ್ದೆ ಟವೆಲು ಸುತ್ತಿಕೊಳ್ಳುತ್ತಿದ್ದರು, ಬಯ್ಗುಳ ಮಾತ್ರ ಬಿಸಿ ಬಿಸಿ. ಮದ್ದು ಗಾಜಿನ ಸಣ್ಣ ನಳಿಗೆಗಳಲ್ಲಿ ಪೋಸ್ಟಿನಲ್ಲಿ ಬರುತ್ತಿತ್ತು. ಈಗಿನ ಹಾಗೆ ಐಸ್ ಪೆಟ್ಟಿಗೆ ಇರಲಿಲ್ಲ. ಮಣ್ಣಿನ ಗಡಿಗೆಗೆ ಮರಳು ತುಂಬಿ, ನೀರು ಚಿಮುಕಿಸಿ, ನಳಿಗೆಗಳನ್ನು ಅದರೊಳಗೆ ಹುಗಿದು ನೆರಳಿನಲ್ಲಿ ಇಡಬೇಕು. ಬಿಸಿಲು ತಗುಲಿತೋ, ಮದ್ದು ಸತ್ತ ಹಾಗೆ. ಗಡಿಗೆ ನೋಡಿಕೊಳ್ಳುವುದು ನನ್ನ ಕೆಲಸ, ಜನರನ್ನು ಕರೆದು ತರುವುದೂ ನನ್ನ ಕೆಲಸ. ಎಂಟನೇ ದಿನ ಮತ್ತೆ ಹೋಗಿ ತೋಳು ನೋಡಬೇಕು. ಗೀರಿದ ಜಾಗದಲ್ಲಿ ಗುಳ್ಳೆ ಎದ್ದಿದ್ದರೆ ಮದ್ದು ಹಿಡಿದಿದೆ. ಏಳದಿದ್ದರೆ ಇಲ್ಲ.

ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದು ರಾಯರ ಪುಸ್ತಕದಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿ ಇತ್ತು. ಪಟೇಲರ ಮನೆ, ದೊಡ್ಡ ಬೀದಿ, ಆಮೇಲೆ ನಡುವಿನ ಕೇರಿಗಳು, ಹೊತ್ತು ಇಳಿದ ಮೇಲೆ ಊರ ಹೊರಗಿನ ಕೊನೆಯ ಕೇರಿ. ಹೊಸ ಊರಿಗೆ ಹೋದರೂ ಒಬ್ಬನು ಕಟ್ಟಿದ ಪಂಚೆ, ನಿಂತ ದೂರ ನೋಡಿ ಅವನ ಸಾಲು ಯಾವುದು ಎಂದು ಹೇಳಿಬಿಡುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ ಸರಿ. ಅದನ್ನೇ ನನ್ನ ಜಾಣತನ ಎಂದುಕೊಂಡಿದ್ದೆ.

ಜಾಣತನದ ಒಂದು ಕಥೆ ಹೇಳುತ್ತೇನೆ, ನಗು ಬರುತ್ತದೆ. ನ್ಯಾಮತಿಯ ಹತ್ತಿರದ ಒಂದು ಊರು. ಕಣದ ಜಾಗಕ್ಕೆ ಜಗಳವಾಗಿ ಊರು ಎರಡು ಹೋಳಾಗಿತ್ತು. ಚಾವಡಿ ಕಡೆಯವರು, ಕೆರೆ ಕಡೆಯವರು. ಎಲ್ಲ ಒಂದೇ ಜಾತಿ, ಬೀಗರು ಬಿಜ್ಜರು. ಆದರೂ ಅವರು ನಿಂತ ಸಾಲಿನಲ್ಲಿ ಇವರು ನಿಲ್ಲುವುದಿಲ್ಲ, ಅವರಿಗೆ ಹಾಕಿದ ಮದ್ದು ಇವರಿಗೆ ಬೇಡ. ರಾಯರು ಪೆಟ್ಟಿಗೆ ಮುಚ್ಚಿ, "ಸಾಯ್ರಿ ಹಾಗಾದ್ರೆ, ನಾನು ಹೊರಟೆ" ಎಂದು ಎದ್ದುಬಿಟ್ಟರು. ನಾನು ಮುಂದೆ ಬಂದು ಕೂಗಿದೆ: "ಕೇಳ್ರಪ್ಪೋ! ಚಾವಡಿ ಕಡೇರಿಗೆ ಬಲ ತೋಳಿಗೆ, ಕೆರೆ ಕಡೇರಿಗೆ ಎಡ ತೋಳಿಗೆ. ಅವ್ರದ್ದು ಇವ್ರಿಗಿಲ್ಲ, ಇವ್ರದ್ದು ಅವ್ರಿಗಿಲ್ಲ. ಆತಾ?"

"ಹಂಗಾದ್ರೆ ಆತು" ಎಂದು ಎರಡೂ ಕಡೆಯವರು ಅಂಗಿ ಬಿಚ್ಚಿ ನಿಂತರು. ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿಯಿತು.

ಕೆಲವು ವರ್ಷದ ಮೇಲೆ ಅದೇ ಊರಿಗೆ ಹೋದಾಗ ಕಣದ ಜಗಳ ತೀರಿಹೋಗಿತ್ತು. ಅಂಥ ಜಗಳ ಇತ್ತು ಎಂಬುದೇ ಹುಡುಗರಿಗೆ ತಿಳಿಯದು. ಆದರೆ ಬಲತೋಳಿನವರು, ಎಡತೋಳಿನವರು ಎಂಬ ಎರಡು ಪಂಗಡ ಗಟ್ಟಿಯಾಗಿ ನಿಂತಿದ್ದವು. ನನ್ನ ಕಣ್ಣೆದುರೇ ಒಂದು ಹೆಣ್ಣು ಕೊಡುವ ಮಾತಿಗೆ ಬಂದ ಮುದುಕರು ಹುಡುಗನ ಅಂಗಿ ತೋಳು ಮಡಚಿ ನೋಡಿ, "ಏ, ಬಲತೋಳು! ಏಳ್ರಿ ಹೋಗಾನ" ಎಂದು ಎದ್ದು ಹೋದರು. ರಾಯರು ಬಿದ್ದು ಬಿದ್ದು ನಕ್ಕರು. "ಲೋ ತಿಪ್ಪ, ಇರೋ ಜಾತಿ ಸಾಲದು ಅಂತ ನೀನೊಂದು ಮಾಡಿಟ್ಟೆಯಲ್ಲೋ!" ಅಂದರು. ನಾನೂ ನಕ್ಕೆ. ಎದುರಿಗೇ ಇದ್ದ ಆ ಮುದುಕರ ಮನೆಯ ಬಾಗಿಲಲ್ಲಿ ಕೊಡಬೇಕಿದ್ದ ಹುಡುಗಿ ನಿಂತಿದ್ದಳು, ಅವಳೊಬ್ಬಳು ನಗಲಿಲ್ಲ. ಆಗ ಅದು ನನ್ನ ಮನಸ್ಸಿಗೆ ತಟ್ಟಲಿಲ್ಲ.

ಗಿರಿಜೆ ಇದನ್ನು ಬರೆಯುತ್ತಾ ನಕ್ಕಳು. ಮುಂದಿನದನ್ನು ಹೇಳಬೇಕೋ ಬೇಡವೋ ಎಂದು ಎರಡು ಸಲ ನೀರು ಕುಡಿದು ಬಂದೆ. ಇಷ್ಟು ಖುಷಿಯ ದಿನ ಯಾಕೆ ಅನ್ನಿಸಿತು. ಆದರೆ ಅವಳು ಹೋಗುತ್ತಿರುವುದು ಆ ಊರುಗಳಿಗೇ. ಅವಳಿಗೆ ಹೇಳದೆ ಇನ್ನು ಯಾರಿಗೆ ಹೇಳಲಿ?

ಬಿಳಿಚೋಡಿನ ಆಚೆ ಒಂದು ಊರು, ಹೆಸರು ಬೇಡ. ಬೇಸಗೆಯಲ್ಲಿ ಅಲ್ಲಿ ಅಮ್ಮ ಎದ್ದಿದ್ದಾಳೆ ಎಂದು ಸುದ್ದಿ ಬಂತು. ಸಿಡುಬಿಗೆ ಜನ ಹಾಗೆ ಹೇಳುತ್ತಿದ್ದರು. ಜಗಳೂರಿನ ಪೋಸ್ಟಿನಿಂದ ನಳಿಗೆಗಳನ್ನು ತೆಗೆದುಕೊಂಡು ಗಾಡಿಯಲ್ಲಿ ಬೆಳಿಗ್ಗೆಯೇ ಹೋಗಿ ಇಳಿದೆವು. ಚಾವಡಿ ಪಕ್ಕದ ಮನೆಯವರು ಗಡಿಗೆ, ಮರಳು, ತಮ್ಮ ಬಾವಿಯ ನೀರು ಕೊಟ್ಟರು.

ನಳಿಗೆಗಳನ್ನು ಮರಳಿಗೆ ಹುಗಿದಿದ್ದೆ, ರಾಯರು ಇನ್ನೂ ಗೀರುವ ಚಾಕಿನ ಪೆಟ್ಟಿಗೆ ಬಿಚ್ಚಿರಲಿಲ್ಲ. ಕೊನೆಯ ಕೇರಿಯ ಒಬ್ಬ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದು ದೂರದಲ್ಲಿ ನಿಂತಳು. ಹನುಮಕ್ಕ ಅಂತ. ಮಗುವಿನ ಹೆಸರು ಗಂಗಿ, ಎರಡು ವರ್ಷ ಇರಬಹುದು.

"ಡವಾಲಪ್ಪಾ, ನಮ್ಮ ಕೇರೀಲಿ ಅಮ್ಮ ಬಂದೈತ್ರಿ, ನಮ್ಮ ಪಕ್ಕದ ಗುಡಿಸ್ಲಾಗೇ ಐತ್ರಿ. ನನ್ನ ಮಗೀಗೆ ಮೊದ್ಲು ಹಾಕಿ ಕಳಿಸ್ರೀ, ನಿಮ್ಮ ಕಾಲಿಗೆ ಬೀಳ್ತೀನಿ."

ರಾಯರಿಗೆ ಕೇಳಿಸಿತು. "ಕರಿಯೋ ಅವಳನ್ನ. ಮೊದಲು ಬಂದಿದ್ದಾಳೆ, ಹಾಕಿಬಿಡೋಣ" ಅಂದರು.

ಗಿರಿಜಾ, ಇದನ್ನು ಸರಿಯಾಗಿ ಬರಿ. ಬೇಡ ಅಂದದ್ದು ಪಟೇಲರಲ್ಲ, ಅವರು ಇನ್ನೂ ಹೊಲದಿಂದ ಬಂದಿರಲಿಲ್ಲ. ರಾಯರಲ್ಲ. ಊರವರು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಾನು ಬೇಡ ಅಂದೆ. "ರಾಯರೇ, ಕೊನೇ ಕೇರಿಗೆ ಮೊದ್ಲು ಹಾಕಿದ್ರೆ ಊರಾಗೆ ಗಲಾಟೆ ಆಗ್ತೈತ್ರಿ, ಬ್ಯಾರೇರು ಯಾರೂ ತೋಳು ಕೊಡಲ್ಲ" ಅಂದೆ. ರಾಯರು ಆ ವಾರ ಆಗಲೇ ಮೂರು ಊರು ಸುತ್ತಿ ದಣಿದಿದ್ದರು. "ಹಾಳಾಗ್ಲಿ, ನಿಂಗೇ ಗೊತ್ತು" ಅಂದರು. ನಾನು ಹನುಮಕ್ಕನಿಗೆ, "ನಿಮ್ಮ ಸರದಿ ಹೊತ್ತು ಮುಳುಗೋ ಮುಂದೆ. ಅಲ್ಲಿ ಬೇವಿನ ಮರದ ಬುಡುಕ್ಕೆ ಕುಂತ್ಕ ಹೋಗು" ಅಂದೆ. ಹೋಗಿ ಕೂತಳು.

ಆಮೇಲೆ ಗಡಿಗೆ ನೋಡಿದೆ. ಸಂಜೆ ಇದನ್ನು ಕೊನೆಯ ಕೇರಿಗೆ ಒಯ್ದರೆ, ಕೊಟ್ಟ ಮನೆಯವರು ತಿರುಗಿ ಒಳಗೆ ತೆಗೆದುಕೊಳ್ಳುತ್ತಾರೆಯೇ? ಯಾರೂ ಈ ಮಾತು ಎತ್ತಿರಲಿಲ್ಲ. ನಾನೇ ಎತ್ತಿಕೊಂಡೆ. ಕೊನೆಯ ಕೇರಿಗೆ ಎಂದು ನಾಲ್ಕು ನಳಿಗೆಗಳನ್ನು ಮರಳಿನಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ನನ್ನ ಚೀಲದಲ್ಲಿ ಹಾಕಿ ಬೇವಿನ ಕೊಂಬೆಗೆ ತೂಗುಹಾಕಿದೆ. ಮನುಷ್ಯರಿಗೆ ಕೇರಿ ಮಾಡಿದ್ದು ಸಾಲದೆ ಮದ್ದಿಗೂ ಒಂದು ಕೇರಿ ಮಾಡಿದೆ. ಆಗ ದಟ್ಟ ನೆರಳಿತ್ತು.

ಪಟೇಲರು ಬಂದದ್ದು ತಡವಾಗಿ. ಅವರ ಮನೆಯದು ಆಗುವ ತನಕ ಉಳಿದವರದು ನಡೆಯುವಂತಿರಲಿಲ್ಲ, ಕಾದೆವು. ಆಮೇಲೆ ದೊಡ್ಡ ಬೀದಿ ಹಿಡಿದೆವು. ಮಕ್ಕಳ ಅಳು, ತಾಯಂದಿರ ಜಗಳ, ನನಗೆ ಉಸಿರು ಬಿಡಲು ಪುರುಸೊತ್ತಿಲ್ಲ. ಮಧ್ಯಾಹ್ನ ನಾನು ಯಾರನ್ನೋ ಕರೆಯಲು ಮರದ ಹತ್ತಿರ ಹಾದುಹೋಗುವಾಗ ಹನುಮಕ್ಕ ಎದ್ದು ನಿಂತಳು.

"ಡವಾಲಪ್ಪಾ, ನಿಮ್ಮ ಚೀಲದ ಮ್ಯಾಲೆ ಬಿಸ್ಲು ಬಂದೈತ್ರಿ. ತೆಗೆದು ನೆಳ್ಳಾಗೆ ಇಡ್ಲೇನ್ರಿ?"

"ಮುಟ್ಟಬ್ಯಾಡ!" ಎಂದು ಗದರಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ನಾನಾದರೂ ತೆಗೆಯಬಹುದಿತ್ತು. ಆಮೇಲೆ ತೆಗೆದರಾಯಿತು ಎಂದು ಓಡಿದೆ. ಮರೆತೆ.

ಹೊತ್ತು ಇಳಿದ ಮೇಲೆ ಕೊನೆಯ ಕೇರಿಗೆ ಹೋದೆವು. ಚೀಲಕ್ಕೆ ಕೈ ಹಾಕಿದಾಗ ಬಟ್ಟೆ ಒಣಗಿ ಗರಿಗರಿಯಾಗಿತ್ತು, ನಳಿಗೆ ಬಿಸಿಯಾಗಿತ್ತು. ಬಿಸಿಲಿಗೆ ಮದ್ದು ಕೆಡುತ್ತದೆ ಎಂದು ಹನುಮಕ್ಕನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಳಿಗೆಯನ್ನು ಅಂಗೈಯಲ್ಲಿ ಉಜ್ಜಿ, ಪಂಚೆಯ ಚುಂಗಿಗೆ ಒರೆಸಿ, ರಾಯರ ಕೈಗೆ ಕೊಟ್ಟೆ. ಮೊದಲ ತೋಳು ಗಂಗಿಯದು. ಅವಳು ಅಳಲಿಲ್ಲ, ನನ್ನ ಬಿಲ್ಲೆ ಹಿಡಿದುಕೊಂಡು ಆಡುತ್ತಿದ್ದಳು.

ಎಂಟನೇ ದಿನ ಮತ್ತೆ ಹೋದೆವು. ದೊಡ್ಡ ಬೀದಿಯ ಮಕ್ಕಳೆಲ್ಲ ಜ್ವರ ಬಂದು ಕಿರಿಕಿರಿ ಮಾಡುತ್ತಿದ್ದವು. ತಾಯಂದಿರು ನನಗೆ ಶಾಪ ಹಾಕಿದರು, ತೋಳಿನಲ್ಲಿ ಗುಳ್ಳೆಗಳು ದಪ್ಪಗೆ ಎದ್ದಿದ್ದವು. ಕೊನೆಯ ಕೇರಿಯಲ್ಲಿ ಒಂದು ತೋಳಿನಲ್ಲೂ ಏನೂ ಇರಲಿಲ್ಲ. ರಾಯರು ಒಂದೊಂದೇ ತೋಳು ನೋಡುತ್ತಾ ಹೋದರು, ಮುಖ ಕಪ್ಪಿಟ್ಟಿತು.

"ಎಲ್ಲಿ ಇಟ್ಟಿದ್ದೆಯೋ ನಳಿಗೆಗಳನ್ನ?"

"ಗಡಿಗೇಲೇ ಇತ್ತು ರಾಯರೇ" ಅಂದೆ.

ಅವರು ಪುಸ್ತಕದಲ್ಲಿ ಮದ್ದು ಹಿಡಿಯಲಿಲ್ಲ ಎಂದು ಬರೆದರು. ಹೊಸ ಮದ್ದಿಗೆ ಅಂದೇ ಕಾಗದ ಹಾಕಿದರು. ಅದು ಬರುವ ಮೊದಲೇ ಗಂಗಿಗೆ ಮೈ ಕಾದಿತ್ತು. ಮಗು ಬದುಕಿತು. ಎರಡೂ ಕಣ್ಣು ಹೋದವು.

ಇಲ್ಲಿಗೆ ಮುಗಿಯಲಿಲ್ಲ. ಊರಿನಲ್ಲಿ ಒಂದು ಮಾತು ಹುಟ್ಟಿತು: ಆ ಕೇರಿಯವರ ಮೈಗೆ ಮದ್ದು ಹಿಡಿಯುವುದಿಲ್ಲ, ಅವರ ರಕ್ತವೇ ಬೇರೆ. ದೊಡ್ಡ ಬೀದಿಯಲ್ಲಿ ಹುಟ್ಟಿದ ಮಾತು ವರ್ಷದೊಳಗೆ ಆ ಕೇರಿಯವರ ಬಾಯಿಗೇ ಬಂತು. ಮರುವರ್ಷ ನಾನು ಗಡಿಗೆ ಹೊತ್ತುಕೊಂಡು ಮೊದಲು ಅಲ್ಲಿಗೇ ಹೋದೆ. ಪಟೇಲರು ಕೇಳಿದರು, "ಇದೇನೋ ಉಲ್ಟಾ?" ಅಷ್ಟೇ. ಗಲಾಟೆ ಆಗಲಿಲ್ಲ, ದೊಡ್ಡ ಬೀದಿಯವರು ಯಾರೂ ತೋಳು ಕೊಡದೆ ಹೋಗಲಿಲ್ಲ. ಇಷ್ಟೇ ಆಗಿತ್ತು ಅದು, ಹಿಂದಿನ ವರ್ಷವೂ ಇಷ್ಟೇ ಆಗುತ್ತಿತ್ತು. ಆದರೆ ಕೊನೆಯ ಕೇರಿಯಿಂದ ಯಾರೂ ಹೊರಗೆ ಬರಲಿಲ್ಲ. ಒಬ್ಬ ಹಿರಿಯ ಬಾಗಿಲಲ್ಲಿ ಕೂತು, "ಬಿಡ್ರಿ ಡವಾಲಪ್ಪ, ನಮ್ಮ ಮೈಗೆ ಹಿಡ್ಯಲ್ಲ. ನಾವು ಹುಟ್ಟಿದ್ದೇ ಹಂಗೆ" ಅಂದ. ಎಷ್ಟು ಸಲೀಸಾಗಿ ಅಂದ! ನಾನು ಒಂದು ಚೀಲವನ್ನು ಬಿಸಿಲಿನಲ್ಲಿ ಮರೆತದ್ದು ಒಂದು ಕೇರಿಯ ಹುಟ್ಟುಗುಣವಾಗಿತ್ತು.

ಬಾಯಿ ಬಿಟ್ಟು ನಿಜ ಹೇಳಿದ್ದರೆ ಎಲ್ಲರೂ ಎದ್ದು ಬರುತ್ತಿದ್ದರು. ನನ್ನ ಕೈ ಡವಾಲಿಯ ಮೇಲೆ ಹೋಯಿತು. ಇದು ಹೋಗುತ್ತದೆ ಎಂಬ ಭಯ. ಬಾಯಿ ಬಿಡಲಿಲ್ಲ.

ಹನುಮಕ್ಕ ಮಾತ್ರ ಬಂದಳು, ಹೊಸದಾಗಿ ಹುಟ್ಟಿದ ಗಂಡುಮಗುವನ್ನು ಎತ್ತಿಕೊಂಡು. ಕೇರಿಯವರಿಗೆ ಕೇಳುವ ಹಾಗೆ ಹೇಳಿದಳು: "ಡವಾಲಪ್ಪ ಒಳ್ಳೇರು ಕಣ್ರೇ. ಹೋದ ವರ್ಷ ನಮ್ಮ ಕೇರಿಗೆ ಅಂತ್ಲೇ ಮದ್ದು ಬ್ಯಾರೆ ತೆಗೆದಿಟ್ಟಿದ್ರು, ಮುಟ್ಟಾಕೂ ಬಿಡ್ಲಿಲ್ಲ ನನ್ನ. ನನ್ನ ಗಂಗೀದು ಪಾಪದ ಮೈ, ಹಿಡೀಲಿಲ್ಲ. ಅದಕ್ಕೆ ಅವ್ರೇನು ಮಾಡ್ತಾರೆ?" ಆಮೇಲೆ ನನ್ನ ಕಡೆ ತಿರುಗಿ, "ಯಾಕೆ ಹಿಡೀಲಿಲ್ಲ ಡವಾಲಪ್ಪಾ?" ಎಂದು ಕೇಳಿದಳು.

"ಗೊತ್ತಿಲ್ಲವ್ವ" ಅಂದೆ.

ಆ ಗಂಡುಮಗುವಿಗೆ ಮದ್ದು ಹಿಡಿಯಿತು. ಅದನ್ನು ನೋಡಿ ಮುಂದಿನ ವರ್ಷ ಮೂರು ಮನೆಯವರು ಬಂದರು, ಆಮೇಲೆ ಇನ್ನಷ್ಟು ಮನೆಯವರು. ಆದರೂ ಕೆಲವರು ನಾನು ಆ ತಾಲ್ಲೂಕು ಬಿಡುವ ತನಕ ತೋಳು ಕೊಡಲಿಲ್ಲ. ಗಂಗಿ ಬೆಳೆದಳು. ನಾನು ಕೇರಿಯ ದಾರಿಗೆ ತಿರುಗುವಾಗಲೇ ಬಿಲ್ಲೆಯ ಸದ್ದು ಹಿಡಿದು, "ಅವ್ವಾ, ಡವಾಲಪ್ಪ ಬಂದ!" ಎಂದು ಕೂಗುತ್ತಿದ್ದಳು. ಕೈ ಚಾಚಿ ಬಂದು ಬಿಲ್ಲೆ ಮುಟ್ಟುತ್ತಿದ್ದಳು. ನಾನು ಅವಳಿಗೆ ಬೆಲ್ಲ ಒಯ್ಯುತ್ತಿದ್ದೆ. ಬೆಲ್ಲ ಕೊಡುವುದು ಸುಲಭ.

ಆ ಕಾಲದ ಕೆಲಸ ಈಗ ಇಲ್ಲ. ನಾಲ್ಕು ಕಡೆ ಗೀರುವುದು ಹೋಗಿ ಎರಡು ಕಡೆಯಾಯಿತು, ತಿರುಗಿಸುವ ಚಾಕು ಹೋಗಿ ಸೂಜಿ ಬಂತು, ಮರಳಿನ ಗಡಿಗೆ ಹೋಗಿ ಐಸ್ ಪೆಟ್ಟಿಗೆ ಬಂತು. ಊರಿಗೆಲ್ಲ ಒಂದೇ ಪೆಟ್ಟಿಗೆ. ನನ್ನಂಥವರು ಅದರಿಂದಲೂ ನಾಲ್ಕು ಸೀಸೆ ಎತ್ತಿ ಬೇರೆ ಇಡಬಲ್ಲರು. ಹಾಗೆ ಇಡು ಎಂದು ನನಗೆ ಯಾರೂ ಹೇಳಿರಲಿಲ್ಲ ಎಂಬುದನ್ನು ಹೊಸದಾಗಿ ಸೇರುವವರು ನೆನಪಿಟ್ಟುಕೊಳ್ಳಿ.

ಗಿರಿಜೆ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ ಮಾಡುತ್ತಿದ್ದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಹಗುರಾಗುತ್ತಿತ್ತು.

"ಗಂಗಿ ಈಗ ಇದಾಳಾ ಅಜ್ಜ?"

"ಇದಾಳಂತೆ. ಬಿಳಿಚೋಡಿನಿಂದ ಬಂದೋರು ಹೇಳಿದ್ರು. ಹನುಮಕ್ಕ ಹೋಗಿ ಬಾಳ ವರ್ಷ ಆತು."

"ನಾನು ಆ ಕಡೆ ಹೋದಾಗ ಹೇಳ್ಲಾ?"

"ನೀನು ಹೇಳೋದಲ್ಲ ಮಗಾ. ಸೋಮವಾರ ನಿನ್ನ ಬಸ್ಸಿಗೆ ನಾನೂ ಬರ್ತೀನಿ."

"ಬಾ ಹಂಗಾದ್ರೆ. ಇದನ್ನೂ ಬರ್ಕಂತೀನಿ, ಆಮೇಲೆ ಇಲ್ಲ ಅನ್ನಂಗಿಲ್ಲ" ಎಂದು ಎಲ್ಲವನ್ನೂ ಬರೆದು ಮುಗಿಸಿ ಒಳಗೆ ಹೋದಳು.

ಈ ಕೊನೆಯ ಪುಟ ನನ್ನ ಕೈಬರಹ, ತಪ್ಪಿದ್ದರೆ ತಿದ್ದಿಕೊಳ್ಳಿ. ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕರೆದರು. ಹೋಗಿ ನೋಡಿದರೆ ನನ್ನ ಮಣೆ ಕಾಣಲಿಲ್ಲ. ಗೋಡೆಯುದ್ದಕ್ಕೂ ಒಂದೇ ಚಾಪೆ. ಮಗ, ಸೊಸೆ, ಮೊಮ್ಮಕ್ಕಳು, ಹೊನ್ನಾಳಿಯಿಂದ ಸುದ್ದಿ ಕೇಳಿ ಬಂದ ಮಗಳು, ಅಳಿಯ, ಎಲ್ಲರೂ ಒಂದೇ ಸಾಲಿನಲ್ಲಿ. "ನಾನು ಆಮೇಲೆ ಉಣ್ತೀನಿ" ಎಂದು ಏಳುತ್ತಿದ್ದ ಸೊಸೆಯನ್ನು ಗಿರಿಜೆ ಭುಜ ಒತ್ತಿ ಕೂರಿಸಿದಳು. ನನಗೆ ತೋರಿಸಿದ ಜಾಗ ಸಾಲಿನ ಮೊದಲಲ್ಲಿ, ಯಾವಾಗಿನ ಹಾಗೇ. ಕೂತು ತಟ್ಟೆ ಮುಂದಕ್ಕೆ ಎಳೆದುಕೊಂಡೆ.

ಗಿರಿಜೆ ಹೋಳಿಗೆ ತಟ್ಟೆ ಹಿಡಿದು ನನ್ನನ್ನು ದಾಟಿ ಹೋದಳು. ಸಾಲಿನ ಆ ತುದಿಯಲ್ಲಿ ತಾಯಿಯ ಪಕ್ಕ ಕೂತಿದ್ದ ಸಣ್ಣ ಮೊಮ್ಮಗಳಿಂದ ಬಡಿಸುತ್ತಾ ಬಂದಳು. "ಇದೇನವ್ವ, ಅಜ್ಜಗೆ ಮೊದ್ಲು ಹಾಕ್ಬಾರ್ದಾ?" ಎಂದು ನನ್ನ ಮಗ ರೇಗಿದ. ಗಿರಿಜೆ ಮುಂದಿನ ತಟ್ಟೆಗೆ ಬಡಿಸಿದಳು. ಬಿಸಿ ಹೋಳಿಗೆ, ತುಪ್ಪ, ಮಾವಿನ ಹಣ್ಣಿನ ಸೀಕರಣೆ, ಎಲ್ಲರ ಬಾಯೂ ತುಂಬಿತ್ತು. ನನ್ನ ಹತ್ತಿರ ಬರುವಷ್ಟರಲ್ಲಿ ತಟ್ಟೆಯಲ್ಲಿ ಉಳಿದದ್ದು ಅರ್ಧ ಹೋಳಿಗೆ, ಅದೂ ಆರಿತ್ತು. ಸೊಸೆ ನಾಚಿಕೊಂಡು, "ಇನ್ನೊಂದು ಬೇಯ್ತಾ ಐತ್ರಿ ಮಾವ, ಇರ್ರಿ ತರ್ತೀನಿ" ಎಂದು ಎದ್ದಳು. "ಕುಂತ್ಕಳವ್ವ, ಉಣ್ಣು" ಅಂದೆ.

ಉಣ್ಣುತ್ತಾ ಸೋಮವಾರದ್ದು ಯೋಚಿಸಿದೆ. ಡವಾಲಿಯನ್ನು ಸರ್ಕಾರಕ್ಕೆ ಕೊಟ್ಟು ಎಷ್ಟೋ ಕಾಲವಾಯಿತು. ಬಿಲ್ಲೆಯ ಸದ್ದಿಲ್ಲದೆ ಹೋದರೆ ಗಂಗಿಗೆ ನಾನು ಯಾರೆಂದು ತಿಳಿಯುವುದಿಲ್ಲ. ಬಾಗಿಲಲ್ಲಿ ನಿಂತು ತಿಪ್ಪಣ್ಣ ಎಂದು ಹೆಸರು ಹೇಳಬೇಕು, ಆಮೇಲೆ ಉಳಿದದ್ದು. ಅರ್ಧ ಹೋಳಿಗೆಯನ್ನು ನಿಧಾನವಾಗಿ ತಿಂದೆ. ಎಲ್ಲರದೂ ಮುಗಿಯುವ ತನಕ ಎಲ್ಲರ ಜೊತೆ ಕೂತಿದ್ದೆ.